ಬ್ರಿಟನ್ ಒಕ್ಕೂಟ ಬಿಟ್ಟಿದ್ದು, ನಮ್ಮೂರು ಸಂಘ ಬಿಡೋ ಮಾತು



ರಾಗಿ ಕೊಯ್ಲು ಮುಗೀತು, ಮೆದೆ ಹಾಕಿ ಆಯ್ತು. ಎರಡು ದಿನ ಮೋಡ ಕಟ್ಟಿಕೊಂಡು ಹೆದರಿಸ್ತು, ಸದ್ಯ ಹನಿ ಬೀಳಲಿಲ್ಲ. ಬೋರ್‌ವೆಲ್ ಪಕ್ಕದ ಅರ್ಧ ಎಕರೆ ಮಿಡಿಸೌತೆಗೆ ಅಂತ ಉತ್ತು, ಗೊಬ್ಬರ ಹಾಕಿ, ಸಾಲು ಹೊಡೆದು ಬಿಟ್ಟಿದ್ದೀನಿ. ಬೀಜ ಮಾತ್ರ ಇನ್ನೂ ತಂದಿಲ್ಲ. ಸಂಘದಿಂದ ತರಬೇಕೋ, ಕಂಪನಿಯಿಂದ ನೇರವಾಗಿ ತರಬೇಕೋ ಅನ್ನೋದೇ ತೀರ್ಮಾನ ಆಗಿಲ್ಲ. ಇವತ್ತಿನ ಬರಹ ಅದಕ್ಕೇ. ಸ್ವಲ್ಪ ಉದ್ದ ಇದೆ, ಸಂಜೆ ಹಾಲು ಹಾಕಿ ಬಂದ ಮೇಲೆ ನಿಧಾನಕ್ಕೆ ಓದಿ.

ಹೋದ ಭಾನುವಾರ ಅರಳಿಕಟ್ಟೆ ಹತ್ರ ನಡೆದ ಮೀಟಿಂಗಿಗೆ ಬಂದಿದ್ದೋರಿಗೆ ಗೊತ್ತು, ಬರದೇ ಇದ್ದೋರಿಗೆ ಹೇಳ್ತೀನಿ. ಐದು ಹಳ್ಳಿ ಸೇರಿ ಮಾಡಿಕೊಂಡಿರೋ ಮಿಡಿಸೌತೆ ಬೆಳೆಗಾರರ ಸಂಘದಿಂದ ನಮ್ಮೂರಿನ 14 ಜನ ಹೊರಗೆ ಬಂದು, ಕಂಪನಿ ಜೊತೆ ನಾವೇ ಮಾತಾಡಿಕೊಳ್ಳೋಣ ಅನ್ನೋ ವಿಚಾರ. ದುಡ್ಡು ತಡ ಆಗುತ್ತೆ, ತೂಕದ ಜಾಗ ದೂರ, ಕೆ.ಜಿ.ಗೆ ಇಷ್ಟು ಅಂತ ಸಂಘದ ಖರ್ಚಿಗೆ ಹಿಡಿತಾರೆ. ಈ ದೂರು ಯಾವುದೂ ಸುಳ್ಳಲ್ಲ, ನಾನೂ ಹೇಳಿದ್ದೀನಿ. ಆಗ ನಮ್ಮ ಹುಡುಗ ಒಬ್ಬ ಎದ್ದು ನಿಂತು, "ಇಂಗ್ಲೆಂಡಿನಂಥ ದೇಶವೇ ಯುರೋಪ್ ಒಕ್ಕೂಟ ಬಿಟ್ಟು ತನ್ನ ಯಜಮಾನಿಕೆ ತಾನು ಮಾಡ್ತಿದೆ ಮಾವ, ನಾವು 14 ಜನ ಒಂದು ಸಂಘ ಬಿಡೋಕೆ ಇಷ್ಟು ಯೋಚನೆನಾ?" ಅಂದ. ಎಲ್ಲರೂ ನಕ್ಕರು, ಚಪ್ಪಾಳೆನೂ ಹೊಡೆದರು. ನನಗೆ ಉತ್ತರ ಹೊಳೀಲಿಲ್ಲ.

ಮನೆಗೆ ಬಂದು ಮಗಳನ್ನ ಕೂರಿಸಿಕೊಂಡೆ. ನನ್ನದು ಎಸ್ಸೆಸ್ಸೆಲ್ಸಿ ಇಂಗ್ಲಿಷು, ಅವಳು ಬಿ.ಕಾಂ. ಓದಿದ್ದಾಳೆ. ಐದಾರು ರಾತ್ರಿ ಅಲ್ಲಿನ ರೈತರ ವಿಡಿಯೋ ಹಾಕಿ, ಸುದ್ದಿ ಓದಿ, ಬಿಡಿಸಿ ಬಿಡಿಸಿ ಹೇಳಿದಳು. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ ಇದು, ಒಂದು ವಾರ ತಡ ಆಯ್ತು.

ಮೊದಲನೇದು, ಬಿಟ್ಟಿದ್ದು ಇಂಗ್ಲೆಂಡ್ ಒಂದೇ ಅಲ್ಲ, ಬ್ರಿಟನ್. ಅಂದ್ರೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಜೊತೆಗೆ ಉತ್ತರ ಐರ್ಲೆಂಡ್. 1973ರಲ್ಲಿ ಒಕ್ಕೂಟಕ್ಕೆ ಸೇರಿದ್ದ ದೇಶ. 2016ರ ಜೂನ್ 23ರಂದು ಇರಬೇಕಾ ಬಿಡಬೇಕಾ ಅಂತ ಜನರನ್ನೇ ಕೇಳಿದರು. ಬಿಡಬೇಕು ಅಂದೋರು ನೂರಕ್ಕೆ 51.9, ಇರಬೇಕು ಅಂದೋರು 48.1. ಊರಿಗೆ ಊರೇ ಇಬ್ಭಾಗ ಅಂತಾರಲ್ಲ, ಹಾಗೆ. ರೈತರಲ್ಲೂ ಬಿಡೋಣ ಅಂದೋರು ಬಹಳ ಜನ ಇದ್ದರು, ಮೀನುಗಾರರಲ್ಲಿ ಇನ್ನೂ ಹೆಚ್ಚು.

ಅವರನ್ನ ದಡ್ಡರು ಅಂತ ನಾನು ಹೇಳಲ್ಲ. ಅವರ ಸಿಟ್ಟಿಗೆ ಕಾರಣ ಇತ್ತು. ಅವರ ಸಮುದ್ರದ ಮೀನಿನಲ್ಲಿ ದೊಡ್ಡ ಪಾಲು ಫ್ರಾನ್ಸ್, ನೆದರ್‌ಲೆಂಡ್ಸ್, ಡೆನ್ಮಾರ್ಕಿನ ದೋಣಿಗಳಿಗೆ ಹೋಗ್ತಿತ್ತು. ಒಕ್ಕೂಟ ರೈತರಿಗೆ ಕೊಡ್ತಿದ್ದ ಸಹಾಯಧನ ಬಹುಪಾಲು ಜಮೀನಿನ ಅಳತೆ ಮೇಲೆ, ಅಂದ್ರೆ ಸಾವಿರಾರು ಎಕರೆ ಇರೋ ಸಾಹುಕಾರನಿಗೆ ರಾಶಿ, ಸಣ್ಣವನಿಗೆ ಹಿಡಿ. ಬದು ಎಷ್ಟು ಅಗಲ ಇರಬೇಕು, ಯಾವ ಔಷಧಿ ಹೊಡೀಬಾರದು ಅನ್ನೋದೆಲ್ಲ ಬ್ರಸೆಲ್ಸಿನ ಕಚೇರಿಯಲ್ಲಿ ಬರೆದು ಕಳಿಸ್ತಿದ್ದರು. ನಮಗೂ ಯಾರೋ ಎಲ್ಲೋ ಕೂತು ಬರೆದ ಸುತ್ತೋಲೆ ಕಂಡ್ರೆ ಮೈ ಉರಿಯುತ್ತಲ್ಲ.

ತಪ್ಪಾಗಿದ್ದು ಆಮೇಲೆ. ಬಿಟ್ಟ ಮೇಲೆ ವ್ಯಾಪಾರ ಹೇಗೆ ನಡೀಬೇಕು ಅನ್ನೋದನ್ನ ತಮ್ಮೊಳಗೇ ತೀರ್ಮಾನ ಮಾಡಿಕೊಳ್ಳದೆ, 2017ರ ಮಾರ್ಚ್ 29ರಂದು ಬಿಡ್ತೀವಿ ಅಂತ ಕಾಗದ ಕೊಟ್ಟುಬಿಟ್ಟರು. ಒಕ್ಕೂಟದ ಕಾನೂನಿನ 50ನೇ ವಿಧಿ ಪ್ರಕಾರ, ಆ ಕಾಗದ ಕೊಟ್ಟ ದಿನದಿಂದ ಎರಡು ವರ್ಷ ಗಡುವು. ಒಪ್ಪಂದ ಆಗಲಿ ಬಿಡಲಿ, ಎರಡು ವರ್ಷಕ್ಕೆ ಆಚೆ. ಗಡುವು ಶುರುವಾದ ದಿನದಿಂದ ಅವಸರ ಯಾರಿಗೆ? ಹೊರಗೆ ಹೋಗೋನಿಗೆ. ಒಳಗಿರೋ 27 ದೇಶಕ್ಕೆ ಅಂಥಾ ಅವಸರ ಏನೂ ಇರಲಿಲ್ಲ. ದನದ ಜಾತ್ರೆಗೆ ಎತ್ತು ಹೊಡ್ಕೊಂಡು ಹೋಗಿ, ಸಂಜೆ ಒಳಗೆ ಮಾರಲೇಬೇಕು ಅಂತ ದಲ್ಲಾಳಿ ಮುಂದೆ ಬಾಯಿಬಿಟ್ಟು ಹೇಳಿದ ಹಾಗೆ.

ಮಾತುಕತೆಗೆ ಕೂತ ಮೊದಲ ದಿನವೇ, 2017ರ ಜೂನ್ 19ಕ್ಕೆ, ಒಂದು ವಿಷಯ ಇತ್ಯರ್ಥ ಆಗೋಯ್ತು. ಬಿಡೋ ವಿಚಾರ, ವ್ಯಾಪಾರದ ವಿಚಾರ ಎರಡೂ ಒಟ್ಟಿಗೇ ಮಾತಾಡೋಣ ಅಂತ ಬ್ರಿಟನ್ ಹೇಳ್ತಾ ಬಂದಿತ್ತು. ಒಕ್ಕೂಟದ ಕಡೆಯೋರು, ಹಳೇ ಬಾಕಿ, ಅಲ್ಲಿ ಇಲ್ಲಿ ನೆಲೆಸಿರೋ ಜನರ ಹಕ್ಕು, ಐರ್ಲೆಂಡ್ ಗಡಿ, ಈ ಮೂರು ಮೊದಲು, ವ್ಯಾಪಾರ ಆಮೇಲೆ ಅಂದರು. ಅವರು ಹೇಳಿದ್ದೇ ಆಯ್ತು. ಹಳೇ ಬಾಕಿ ಆಗಿನ ಅಂದಾಜಿನಲ್ಲಿ ಸುಮಾರು 3,900 ಕೋಟಿ ಪೌಂಡು! ಸಂಘ ಬಿಡ್ತೀನಿ ಅಂದೋನಿಗೆ ಮೊದಲು ನಿನ್ನ ಬೀಜದ ಸಾಲ, ಔಷಧಿ ಸಾಲ ಚುಕ್ತಾ ಮಾಡು ಅಂತಾರಲ್ಲ, ಅದೇ ಲೆಕ್ಕ.

ಇನ್ನೊಂದು ಗಮನಿಸಿ. ಒಕ್ಕೂಟದ ಕಡೆಯಿಂದ ಮಾತಾಡಿದ್ದು ಶುರುವಿನಿಂದ ಕೊನೇತನಕ ಮೈಕೆಲ್ ಬಾರ್ನಿಯೆ ಅನ್ನೋ ಒಬ್ಬರೇ ಫ್ರೆಂಚ್ ಮನುಷ್ಯ. ಅವರಿಗೆ ಸ್ವತಃ ಕೃಷಿ ಮಂತ್ರಿಯಾಗಿದ್ದ ಅನುಭವ ಇತ್ತು. ಬ್ರಿಟನ್ ಕಡೆ ಡೇವಿಡ್ ಡೇವಿಸ್ ಬಂದರು, ರಾಜೀನಾಮೆ ಕೊಟ್ಟರು. ಡೊಮಿನಿಕ್ ರಾಬ್ ಬಂದರು, ಕೆಲವೇ ತಿಂಗಳಿಗೆ ರಾಜೀನಾಮೆ. ಪ್ರಧಾನಿ ಥೆರೇಸಾ ಮೇ ತಂದ ಒಪ್ಪಂದವನ್ನ ಅವರದೇ ಸಂಸತ್ತು 2019ರಲ್ಲಿ ಮೂರು ಸಲ ತಳ್ಳಿಹಾಕಿತು. ಮೊದಲ ಸಲ ವಿರುದ್ಧ 432 ಮತ, ಪರ 202. ಗಡುವು ಮೂರು ಸಲ ಮುಂದೆ ಹೋಯ್ತು. ಎದುರುಗಡೆಯೋರು ಅಷ್ಟೊತ್ತೂ ಕೈಕಟ್ಟಿ ಕೂತು ಕೇಳಿದ್ದು ಒಂದೇ, ನಿಮಗೆ ಏನು ಬೇಕು ಅಂತ ನೀವು ನೀವೇ ಒಪ್ಪಿಕೊಂಡು ಬನ್ನಿ. ನಾವು 14 ಜನಾನೂ ಭಾನುವಾರ ಒಂದೇ ಮಾತು ಆಡಲಿಲ್ಲ, ನೆನಪಿರಲಿ.

ಕೊನೆಗೆ ಬೋರಿಸ್ ಜಾನ್ಸನ್ ಕಾಲದಲ್ಲಿ 2020ರ ಜನವರಿ 31ಕ್ಕೆ ಬಿಟ್ಟಿದ್ದಾಯ್ತು. ಆದರೆ ಆ ವರ್ಷ ಪೂರ್ತಿ ಹಳೇ ನಿಯಮವೇ ಮುಂದುವರೀತು, ವ್ಯಾಪಾರದ ಒಪ್ಪಂದ ಮಾಡ್ಕೊಳ್ಳೋಕೆ ಅಂತ ಇದ್ದ ಸಮಯ ಅದು. ಡಿಸೆಂಬರ್ 31 ಕೊನೇ ದಿನ, ಒಪ್ಪಂದ ಆಗಿದ್ದು ಡಿಸೆಂಬರ್ 24ಕ್ಕೆ. 1,200 ಪುಟಕ್ಕಿಂತ ಹೆಚ್ಚಿದೆ. ಒಂದು ವಾರದಲ್ಲಿ ಜಾರಿ. ವೇಲ್ಸಿನ ಗುಡ್ಡದಲ್ಲಿ ಕುರಿ ಸಾಕೋನ ಗತಿ ಯೋಚನೆ ಮಾಡಿ. ಅಲ್ಲಿನ ಕುರಿಮಾಂಸದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಹೊರದೇಶಕ್ಕೆ ಹೋಗುತ್ತೆ, ಅದರಲ್ಲೂ ನೂರಕ್ಕೆ ತೊಂಬತ್ತು ಯುರೋಪಿಗೇ. ಒಪ್ಪಂದ ಆಗದಿದ್ದರೆ ನೂರಕ್ಕೆ ನಲವತ್ತಕ್ಕೂ ಹೆಚ್ಚು ಸುಂಕ ಬೀಳ್ತಿತ್ತು. ಕುರಿ ಮರಿ ಹಾಕೋದು ಮಂತ್ರಿಗಳು ಸಹಿ ಹಾಕೋವರೆಗೂ ಕಾಯಲ್ಲ. ಟಗರು ಬಿಟ್ಟಾಗ ಆ ಮರಿಗೆ ಮಾರುಕಟ್ಟೆ ಇರುತ್ತೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ.

ಒಪ್ಪಂದ ಆದಾಗ ಪೇಪರಿನಲ್ಲಿ ಬಂದಿದ್ದು, ಸುಂಕ ಸೊನ್ನೆ, ಪ್ರಮಾಣಕ್ಕೆ ಮಿತಿ ಇಲ್ಲ. ಓದಿದೋರೆಲ್ಲ ಇನ್ನೇನು ಬೇಕು ಅಂದ್ಕೊಂಡರು. ನಾನೂ ಮಗಳನ್ನ ಅದೇ ಕೇಳಿದೆ, ಸುಂಕವೇ ಇಲ್ಲ ಅಂದಮೇಲೆ ಗಲಾಟೆ ಯಾಕೆ ಅಂತ. ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಭಾನುವಾರದ ಮೀಟಿಂಗಿನಲ್ಲೂ ಎಲ್ಲರೂ ಮಾತಾಡಿದ್ದು ರೇಟು, ಕಟಾವು ಅಷ್ಟೇ. ಗೇಟಿನ ವಿಚಾರ ಯಾರೂ ಎತ್ತಲಿಲ್ಲ.

ಒಕ್ಕೂಟದ ಒಳಗಿದ್ದಾಗ ಸ್ಕಾಟ್ಲೆಂಡಿನಲ್ಲಿ ಬೆಳಗ್ಗೆ ಹಿಡಿದ ಸಿಗಡಿ, ಏಡಿ ಲಾರಿ ಹತ್ತಿದರೆ, ಫ್ರಾನ್ಸಿನ ಮಾರುಕಟ್ಟೆಗೆ ನಮ್ಮ ತರಕಾರಿ ಬೆಂಗಳೂರಿಗೆ ಹೋದ ಹಾಗೆ ಹೋಗ್ತಿತ್ತು. ದಾರಿಯಲ್ಲಿ ಕೇಳೋರಿಲ್ಲ. 2021ರ ಜನವರಿ 1ರಿಂದ ಅದೇ ಏಡಿ, ಅದೇ ಲಾರಿ, ಅದೇ ಡ್ರೈವರು. ಜೊತೆಗೆ ಪಶುವೈದ್ಯರು ಸಹಿ ಮಾಡಿದ ಆರೋಗ್ಯ ಪತ್ರ, ಹಿಡಿದ ಜಾಗದ ಪತ್ರ, ಕಸ್ಟಮ್ಸ್ ಪತ್ರ. ಒಂದು ಲಾರಿಯಲ್ಲಿ ಹತ್ತು ಜನರ ಮಾಲು ಇದ್ದರೆ ಹತ್ತೂ ಜನರ ಕಾಗದ ಸರಿ ಇರಬೇಕು, ಒಬ್ಬನದು ತಪ್ಪಿದರೂ ಲಾರಿ ನಿಲ್ಲುತ್ತೆ. ಜನವರಿ ಮೊದಲ ವಾರಗಳಲ್ಲಿ ಹಾಗೇ ಆಯ್ತು. ಮಾಲು ಹಾಳಾಗೋದು ನೋಡಿ ಸಂಕಟ ತಡೀಲಾರದೆ, ಜನವರಿ 18ರಂದು ಮೀನು ವ್ಯಾಪಾರಿಗಳು ಲಾರಿಗಳನ್ನ ಲಂಡನ್ನಿಗೇ ತಂದು ಸಂಸತ್ತಿನ ಹತ್ರ ನಿಲ್ಲಿಸಿದರು. ಯಾವ ಮೀನುಗಾರರ ಹೆಸರಲ್ಲಿ ಇಷ್ಟೆಲ್ಲ ಪ್ರಚಾರ ನಡೆದಿತ್ತೋ ಅದೇ ಕಸುಬಿನೋರು.

ಕೆಲವು ಮಾಲಿಗೆ ಕಾಗದ ಇದ್ದರೂ ಬಾಗಿಲು ಇಲ್ಲ. ವೇಲ್ಸ್, ಇಂಗ್ಲೆಂಡಿನ ಕೆಲವು ಕಡಲ ಭಾಗದ ಕಪ್ಪೆಚಿಪ್ಪನ್ನ ಜೀವಂತ ಕಳಿಸಿ, ಅಲ್ಲಿ ಶುದ್ಧ ನೀರಿನಲ್ಲಿ ಇಟ್ಟು ಮಾರ್ತಿದ್ದರು. ಒಕ್ಕೂಟದ ಹೊರಗಿನೋರು ಹಾಗೆ ಕಳಿಸಬಾರದು ಅನ್ನೋ ನಿಯಮ ಮೊದಲಿಂದಲೂ ಇತ್ತು. ಇವರು ಹೊರಗಿನೋರಾದ ದಿನ ಆ ವ್ಯಾಪಾರ ನಿಂತಿತು. ಸ್ಕಾಟ್ಲೆಂಡಿನ ಬಿತ್ತನೆ ಆಲೂಗಡ್ಡೆದೂ ಅದೇ ಕತೆ. ಹಾಸನದ ಕಡೆಯೋರಿಗೆ ಬಿತ್ತನೆ ಅಂದ್ರೆ ಜಲಂಧರ್ ಮಾಲು ಹೇಗೋ, ಯುರೋಪಿನ ಎಷ್ಟೋ ರೈತರಿಗೆ ಸ್ಕಾಟ್ಲೆಂಡಿನ ಗಡ್ಡೆ ಹಾಗೆ. ಜನವರಿ 1ರಿಂದ ಅದು ಪೂರ್ತಿ ಬಂದ್. ಹೊಲದಲ್ಲಿ ರೋಗ ಬಂದಿರಲಿಲ್ಲ, ಗಡ್ಡೆ ಕೆಟ್ಟಿರಲಿಲ್ಲ. ಹಿಂದಿನ ವರ್ಷ ಬೆಳೆದ ಅದೇ ಹೊಲ, ಅದೇ ತಳಿ.

ನಗು ಬರೋ ಸಂಗತಿನೂ ಒಂದಿದೆ. ಅದೇ ಜನವರಿಯಲ್ಲಿ ನೆದರ್‌ಲೆಂಡ್ಸಿನ ಬಂದರಿನಲ್ಲಿ ಒಬ್ಬ ಲಾರಿ ಡ್ರೈವರು ಊಟಕ್ಕೆ ಅಂತ ಕಟ್ಟಿಕೊಂಡಿದ್ದ ಬ್ರೆಡ್ಡನ್ನ ಅಧಿಕಾರಿಗಳು ಕಿತ್ತುಕೊಂಡರು. ಒಳಗೆ ಹಂದಿಮಾಂಸ ಇತ್ತು, ಹೊರದೇಶದ ಮಾಂಸ ಒಳಗೆ ಬಿಡೋ ಹಾಗಿಲ್ಲ. ಮಾಂಸ ತೆಗೀರಿ, ಬ್ರೆಡ್ಡಾದರೂ ಬಿಡಿ ಅಂದನಂತೆ. ಅದನ್ನೂ ಬಿಡಲಿಲ್ಲ. ನನ್ನ ಹೆಂಡತಿ ಈ ವಿಡಿಯೋ ನೋಡಿ, ಹೊಟ್ಟೆಗೆ ತಿನ್ನೋದನ್ನ ಕಿತ್ಕೊಳ್ಳೋ ಗೇಟು ಇನ್ನೆಂಥದ್ದು ಅಂದಳು.

ಕಾಗದದ ಖರ್ಚು ಎಲ್ಲರಿಗೂ ಒಂದೇ ತೂಕ ಅಲ್ಲ. ಚೆಷೈರ್ ಕಡೆ ಚೀಸ್ ಮಾರೋನೊಬ್ಬ ಯುರೋಪಿನ ಮನೆಮನೆಗೆ ಸಣ್ಣ ಪೊಟ್ಟಣ ಕಳಿಸ್ತಿದ್ದ. ಪೊಟ್ಟಣದ ಬೆಲೆ 25–30 ಪೌಂಡು, ಅದಕ್ಕೆ ಬೇಕಾದ ಪಶುವೈದ್ಯರ ಪತ್ರಕ್ಕೆ 180 ಪೌಂಡು. ಲಾರಿ ತುಂಬ ಕಳಿಸೋ ದೊಡ್ಡ ಡೈರಿಗೂ ಅದೇ ರೀತಿ ಪತ್ರ ಬೇಕು, ಅವರಿಗೆ ಆ 180 ಪೌಂಡು ಲೆಕ್ಕಕ್ಕೇ ಇಲ್ಲ. ಸುಂಕ ಆದ್ರೆ ಮಾಲಿಗೆ ತಕ್ಕಷ್ಟು ಬೀಳುತ್ತೆ, ಹತ್ತು ಚೀಲಕ್ಕೆ ಹತ್ತರಷ್ಟು, ಒಂದು ಚೀಲಕ್ಕೆ ಒಂದರಷ್ಟು. ಕಾಗದ ಹಾಗಲ್ಲ. ಹತ್ತು ಚೀಲ ತಂದೋನಿಗೂ ಅಷ್ಟೇ, ಒಂದು ಚೀಲ ತಂದೋನಿಗೂ ಅಷ್ಟೇ. ಸಣ್ಣವನು ಇಲ್ಲೇ ಸಾಯೋದು.

ಇದು ನನಗೆ ಬೇಗ ಅರ್ಥ ಆಗೋಕೆ ಕಾರಣ ಇದೆ, ನಾನೇ ಪೆಟ್ಟು ತಿಂದಿದ್ದೀನಿ. ಮೂರು ವರ್ಷದ ಕೆಳಗೆ ಮಿಡಿಸೌತೆಗೆ ಎಲೆ ಬೂಜು ಬಂದಾಗ, ಪಕ್ಕದ ಹೊಲದೋರ ಹತ್ರ ಉಳಿದಿದ್ದ ಔಷಧಿ ತಂದು ಹೊಡೆದೆ. ಪಟ್ಟಿಯಲ್ಲಿ ಇಲ್ಲದ ಔಷಧಿ. ನಮ್ಮ ಮಿಡಿ ಅಮೆರಿಕ, ರಷ್ಯಾ, ಯುರೋಪಿಗೆ ಹೋಗೋದು ಎಲ್ಲರಿಗೂ ಗೊತ್ತು. ಯುರೋಪಿನೋರು ಪ್ರತ್ಯೇಕ ಮಿತಿ ಹಾಕದ ಯಾವುದೇ ಔಷಧಿ ಒಂದು ಕೆ.ಜಿ. ಕಾಯಿಯಲ್ಲಿ 0.01 ಮಿಲಿಗ್ರಾಂಗಿಂತ ಹೆಚ್ಚು ಇರಬಾರದು. ಒಂದು ಟನ್ನಿಗೆ ಹತ್ತು ಮಿಲಿಗ್ರಾಂ, ಚಿಟಿಕೆಯೂ ಅಲ್ಲ. ಲ್ಯಾಬಿನಲ್ಲಿ ಸಿಕ್ಕಿಬಿತ್ತು. ನನ್ನ 11 ಚೀಲ ವಾಪಸ್. ಮಿಡಿ ಅಂದ್ರೆ ಒಂದು ರಾತ್ರಿ ಕಳೆದರೆ ದಪ್ಪ ಆಗಿ ಕಡಿಮೆ ದರ್ಜೆಗೆ ಬೀಳೋ ಮಾಲು, ಎರಡು ದಿನ ಕಳೆದರೆ ಹಸುವಿಗೆ. ಹಸುವಿಗೇ ಹಾಕಿದೆ.

ಆವತ್ತು ಒಂದು ವಿಷಯ ನಾನು ಗಮನಿಸಿರಲಿಲ್ಲ, ಈಗ ಹೊಳೀತಿದೆ. ವಾಪಸ್ ಬಂದಿದ್ದು ನನ್ನ 11 ಚೀಲ ಮಾತ್ರ. ಊರಿನ ಬಾಕಿಯೋರ ಮಾಲು ಹೋಯ್ತು. ಯಾಕೆ ಅಂದ್ರೆ ಸಂಘದಲ್ಲಿ ಯಾರು ಯಾವತ್ತು ಏನು ಹೊಡೆದರು ಅಂತ ಪುಸ್ತಕ ಇಟ್ಟಿದ್ದರು, ಪ್ರತಿ ರೈತನ ಚೀಲಕ್ಕೂ ಬೇರೆ ನಂಬರ್ ಹಾಕಿದ್ದರು, ಲ್ಯಾಬಿನ ದುಡ್ಡನ್ನ ಸಂಘವೇ ಕಟ್ಟಿತ್ತು. ನಾವು ಬೈಕೊಳ್ಳೋ ಆ ಕಟಾವಿನ ದುಡ್ಡು ಹೋಗ್ತಿರೋದು ಒಂದಷ್ಟು ಅಲ್ಲಿಗೆ.

ಮತ್ತೆ ಬ್ರಿಟನ್ನಿಗೆ ಬರ್ತೀನಿ. ರೈತರಿಗೆ ಹೆಚ್ಚು ಉರಿದಿದ್ದು ಇನ್ನೊಂದಕ್ಕೆ. ಯುರೋಪಿನೋರು ಮೊದಲ ದಿನದಿಂದಲೇ ಬ್ರಿಟನ್ ಮಾಲನ್ನ ತಡೆದು ನೋಡಿದರು. ಬ್ರಿಟನ್ ಮಾತ್ರ ಯುರೋಪಿನಿಂದ ಬರೋ ಮಾಲಿಗೆ ತಪಾಸಣೆಯನ್ನ ಮತ್ತೆ ಮತ್ತೆ ಮುಂದೂಡ್ತು. ಗೇಟು ಕಟ್ಟಿರಲಿಲ್ಲ, ಜನ ಇರಲಿಲ್ಲ, ಅಂಗಡಿಯಲ್ಲಿ ಬೆಲೆ ಏರುತ್ತೆ ಅನ್ನೋ ಭಯ ಬೇರೆ. ಪತ್ರ ಕೇಳೋಕೆ ಶುರು ಮಾಡಿದ್ದು 2024ರ ಜನವರಿಗೆ, ಲಾರಿ ತೆಗೆಸಿ ನೋಡೋಕೆ ಶುರು ಮಾಡಿದ್ದು ಏಪ್ರಿಲ್ 30ಕ್ಕೆ. ಮೂರು ವರ್ಷದ ಮೇಲೆ! ಅಷ್ಟು ದಿನ ಅವರ ರೈತನ ಮಾಲು ಸಲೀಸಾಗಿ ಬಂತು, ಇವರ ರೈತನ ಮಾಲು ಬಂದರಿನಲ್ಲಿ ಕಾಯ್ತು. ಯಜಮಾನಿಕೆ ಅಂದ್ರೆ ನಮ್ಮ ಗೇಟು ನಾವು ಕಾಯೋದು ಅಂತ ನಾನು ತಿಳ್ಕೊಂಡಿದ್ದೆ.

ಐರ್ಲೆಂಡ್ ಗಡಿ ವಿಚಾರ ದೊಡ್ಡದು, ಡೈರಿಗೆ ಹಾಲು ಹಾಕೋ ನಮಗೆ ಬೇಕಾದಷ್ಟು ಹೇಳ್ತೀನಿ. ಐರ್ಲೆಂಡ್ ದ್ವೀಪದ ಉತ್ತರ ಭಾಗ ಬ್ರಿಟನ್ನಿಗೆ ಸೇರಿದ್ದು, ದಕ್ಷಿಣ ಬೇರೆ ದೇಶ, ಒಕ್ಕೂಟದ ಒಳಗೇ ಇದೆ. ನಡುವೆ ಹಿಂದೆ ಮೂವತ್ತು ವರ್ಷ ರಕ್ತಪಾತ ನಡೆದು, 1998ರಲ್ಲಿ ಶಾಂತಿ ಒಪ್ಪಂದ ಆಗಿದೆ. ಅಲ್ಲಿ ಮತ್ತೆ ಗೇಟು ಹಾಕೋ ಧೈರ್ಯ ಯಾರಿಗೂ ಇಲ್ಲ. ಉತ್ತರದಲ್ಲಿ ಕರೆಯೋ ಹಾಲಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ದಿನಾ ಟ್ಯಾಂಕರಿನಲ್ಲಿ ಗಡಿ ದಾಟಿ ದಕ್ಷಿಣದ ಕಾರ್ಖಾನೆಗೆ ಹೋಗುತ್ತೆ. ಹಾಲು ನಿಲ್ಲಿಸಬಾರದು. ಅದಕ್ಕೆ ಉತ್ತರ ಐರ್ಲೆಂಡನ್ನ ಸಾಮಾನಿನ ವಿಷಯದಲ್ಲಿ ಒಕ್ಕೂಟದ ನಿಯಮದೊಳಗೇ ಬಿಟ್ಟು, ಗೇಟನ್ನ ಸಮುದ್ರಕ್ಕೆ ತಳ್ಳಿದರು. ಅಂದ್ರೆ ಬ್ರಿಟನ್ನಿನಿಂದ ಬ್ರಿಟನ್ನಿಗೇ ಹೋಗೋ ಮಾಲಿಗೆ ತಪಾಸಣೆ! ಹಳೇ ಟ್ರ್ಯಾಕ್ಟರ್ ದಾಟಿಸಬೇಕಾದರೆ ಗಾಲಿಗೆ ಮೆತ್ತಿದ ಮಣ್ಣು ತೊಳೆದು, ತೊಳೆದಿದ್ದಕ್ಕೆ ಪತ್ರ ತರಬೇಕಾಗಿತ್ತು. ಸ್ಕಾಟ್ಲೆಂಡಿನ ಬಿತ್ತನೆ ಗಡ್ಡೆ ತಮ್ಮದೇ ದೇಶದ ಇನ್ನೊಂದು ಭಾಗಕ್ಕೂ ಹೋಗೋ ಹಾಗಿರಲಿಲ್ಲ. 2023ರ ಫೆಬ್ರವರಿಯಲ್ಲಿ ರಿಷಿ ಸುನಕ್ ಇದ್ದಾಗ ವಿಂಡ್ಸರಿನಲ್ಲಿ ಕೂತು ಇದನ್ನೆಲ್ಲ ಸಡಿಲ ಮಾಡಿಕೊಂಡರು.

ಒಳ್ಳೇದು ಏನೂ ಆಗಲಿಲ್ವಾ ಅಂದ್ರೆ, ಆಗಿದೆ. ಸಹಾಯಧನವನ್ನ ಎಕರೆ ಲೆಕ್ಕ ಬಿಟ್ಟು, ಮಣ್ಣು ಕಾಪಾಡೋದು, ಬೇಲಿ ಗಿಡ ಬೆಳೆಸೋದು, ಇಂಥ ಕೆಲಸಕ್ಕೆ ಕೊಡೋಕೆ ಇಂಗ್ಲೆಂಡ್ ಶುರು ಮಾಡ್ತು. ನನ್ನ ಅಭಿಪ್ರಾಯದಲ್ಲಿ ಅದು ಒಕ್ಕೂಟದ ಪದ್ಧತಿಗಿಂತ ಸರಿ. ಆದರೆ 2025ರ ಮಾರ್ಚ್ 11ರಂದು ಹೊಸ ಅರ್ಜಿ ತಗೊಳ್ಳೋದನ್ನ ಮುಂಚೆ ಹೇಳದೆ ನಿಲ್ಲಿಸಿದರು. ಹಳೇ ಹಣ ಕಡಿಮೆ ಆಗ್ತಾ ಬಂತು, ಹೊಸದಕ್ಕೆ ಅರ್ಜಿ ಹಾಕೋಣ ಅಂತ ಕೂತಿದ್ದೋನು ಕೂತಲ್ಲೇ ಕೂತ. ದೂರದ ಯಜಮಾನ ಹೋಗಿ ಹತ್ತಿರದ ಯಜಮಾನ ಬಂದ, ಅಷ್ಟೇ ವ್ಯತ್ಯಾಸ.

ಬೇರೆ ದೇಶಗಳ ಜೊತೆ ತಾವೇ ಒಪ್ಪಂದ ಮಾಡ್ಕೊಳ್ಳೋ ಅಧಿಕಾರನೂ ಸಿಕ್ತು. ಮೊದಮೊದಲು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ಮಾಡಿಕೊಂಡರು. ಆ ಎರಡು ದೇಶದಲ್ಲಿ ಏನಿದೆ ಹೇಳಿ? ಕುರಿ, ದನ. ಅವರ ಮಾಂಸಕ್ಕೆ ವರ್ಷ ವರ್ಷ ಹಂತಹಂತವಾಗಿ ಬಾಗಿಲು ತೆರೀತಾರೆ. ಒಪ್ಪಂದ ಆದಾಗ ಕೃಷಿ ಖಾತೆ ನೋಡ್ಕೊಳ್ಳುತ್ತಿದ್ದ ಜಾರ್ಜ್ ಯೂಸ್ಟಿಸ್ ಅನ್ನೋರು, ಮಂತ್ರಿಗಿರಿ ಹೋದ ಮೇಲೆ 2022ರ ನವೆಂಬರಿನಲ್ಲಿ ಸಂಸತ್ತಿನಲ್ಲೇ ಎದ್ದು ನಿಂತು ಆಸ್ಟ್ರೇಲಿಯಾ ಒಪ್ಪಂದ ನಮಗೆ ಅಷ್ಟೇನೂ ಒಳ್ಳೇದಲ್ಲ ಅಂತ ಒಪ್ಪಿಕೊಂಡರು. ದಿನಾಂಕ ಮುಂಚೆ ನಿಗದಿ ಮಾಡಿಕೊಂಡು ಅವಸರ ಮಾಡಿದ್ದೇ ಕಾರಣ ಅನ್ನೋದು ಅವರ ಮಾತಿನ ಸಾರ. ಕುರ್ಚಿ ಮೇಲಿದ್ದಾಗ ಹೇಳಿದ್ದರೆ ಕುರಿ ಸಾಕೋರಿಗೆ ಉಪಯೋಗ ಆಗ್ತಿತ್ತು.

ನಮ್ಮ ದೇಶದ ಜೊತೆಗೂ 2025ರ ಜುಲೈ 24ರಂದು ಬ್ರಿಟನ್ ಸಹಿ ಹಾಕಿದೆ. ನಮ್ಮ ಹಾಲಿನ ಪದಾರ್ಥ ನಾವು ಬಿಟ್ಟುಕೊಟ್ಟಿಲ್ಲ, ಅದು ಸಮಾಧಾನ. ನಮ್ಮ ಮಾಲಿನಲ್ಲಿ ನೂರಕ್ಕೆ 99 ಬಾಬ್ತಿಗೆ ಅಲ್ಲಿ ಸುಂಕ ಇರಲ್ಲ ಅಂತ ಸರ್ಕಾರ ಹೇಳಿದೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅದನ್ನ ಹಾಕಿ ಹೂವಿನ ಚಿತ್ರ ಕಳಿಸಿದ್ದೇ ಕಳಿಸಿದ್ದು. ಸುಂಕ ಹೋದರೂ ಔಷಧಿ ಉಳಿಕೆ ಮಿತಿ ಹೋಗಲ್ಲ, ನನ್ನ 11 ಚೀಲ ನೆನಪು ಮಾಡ್ಕೊಳ್ಳಿ.

ಈಗ ಕತೆಯ ಇತ್ತೀಚಿನ ಭಾಗ, ನನಗೆ ಬಹಳ ಬೇಜಾರಾಗಿದ್ದೂ ಇದೇ. ಮೀನಿನ ವಿಚಾರಕ್ಕೆ 2020ರಲ್ಲಿ ಕೊನೇ ದಿನದವರೆಗೆ ಜಗಳ ಆಡಿದ್ದರು. ಆಗ ಸಿಕ್ಕಿದ್ದು, ಯುರೋಪಿನೋರು ಬ್ರಿಟನ್ ನೀರಿನಲ್ಲಿ ಹಿಡೀತಿದ್ದ ಮೀನಿನ ಬೆಲೆಯಲ್ಲಿ ನೂರಕ್ಕೆ 25 ಪಾಲು ಐದೂವರೆ ವರ್ಷದಲ್ಲಿ ಸ್ವಲ್ಪ ಸ್ವಲ್ಪ ವಾಪಸ್. 2026ರ ಜೂನ್ ಆದ ಮೇಲೆ ವರ್ಷ ವರ್ಷ ಕೂತು ಮಾತಾಡೋದು ಅಂತ. ಮೀನುಗಾರರು ಆ ದಿನ ಎಣಿಸ್ತಾ ಕೂತಿದ್ದರು. 2025ರ ಮೇ 19ರಂದು ಲಂಡನ್ನಿನಲ್ಲಿ ಕೀರ್ ಸ್ಟಾರ್ಮರ್ ಸರ್ಕಾರ ಒಕ್ಕೂಟದ ಜೊತೆ ಹೊಸದಾಗಿ ಕೂತು, ಯುರೋಪಿನ ದೋಣಿಗಳಿಗೆ ಇನ್ನೂ 12 ವರ್ಷ, 2038ರ ತನಕ ಬಿಟ್ಟುಕೊಟ್ಟಿತು. ಅದೇ ದಿನ ಆಹಾರ ಪದಾರ್ಥ, ಪ್ರಾಣಿ, ಸಸ್ಯದ ತಪಾಸಣೆಯನ್ನ ಬಹುಪಾಲು ತೆಗೆಯೋ ಒಪ್ಪಂದ ಮಾಡ್ಕೊಳ್ಳೋಣ ಅಂತ ಇಬ್ಬರೂ ಒಪ್ಪಿದರು. ಕುರಿ ಮಾರೋನಿಗೆ, ಚೀಸ್ ಮಾರೋನಿಗೆ ಇದು ಒಳ್ಳೇ ಸುದ್ದಿನೇ, ಪಶುವೈದ್ಯರ ಪತ್ರದ ಕಾಟ ತಪ್ಪುತ್ತೆ.

ಆದ್ರೆ ಬದಲಿಗೆ ಕೊಡಬೇಕಾಗಿರೋದು ನೋಡಿ. ಆ ಬಾಬ್ತಿನಲ್ಲಿ ಒಕ್ಕೂಟದ ನಿಯಮವನ್ನೇ ಬ್ರಿಟನ್ ಪಾಲಿಸಬೇಕು, ಒಕ್ಕೂಟ ನಿಯಮ ಬದಲಾಯಿಸಿದರೆ ಇವರೂ ಬದಲಾಯಿಸಬೇಕು. ಮೊದಲು ನಿಯಮ ಬರೆಯೋವಾಗ ಇವರದೂ ಒಂದು ಓಟು ಇತ್ತು. ಈಗ ಅಭಿಪ್ರಾಯ ಹೇಳಬಹುದು, ಓಟು ಇಲ್ಲ. ಬ್ರಸೆಲ್ಸಿನೋರು ಬರೆದಿದ್ದನ್ನ ಪಾಲಿಸಲ್ಲ ಅಂತ ಆಚೆ ಬಂದೋರು, ಒಂಬತ್ತು ವರ್ಷ, ಆರು ಪ್ರಧಾನಿ ಆದ ಮೇಲೆ, ಓಟು ಇಲ್ಲದೆ ಅದನ್ನೇ ಪಾಲಿಸೋಕೆ ಒಪ್ಪಿದ್ದಾರೆ. ಯಾಕೆ ಒಪ್ಪಿದರು ಅಂದ್ರೆ, ಅವರ ಒಟ್ಟು ರಫ್ತಿನಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಹೋಗೋದು ಪಕ್ಕದ ಮನೆಗೇ. ಒಕ್ಕೂಟ ಬಿಡಬಹುದು, ಪಕ್ಕದ ಮನೆ ಬಿಟ್ಟು ದೂರ ಹೋಗೋಕೆ ಆಗಲ್ಲ.

ಹಾಗಂತ ಸಂಘ ಬಿಡಲೇಬಾರದು ಅಂತ ನಾನು ಹೇಳ್ತಿಲ್ಲ. ಸಂಘದ ತೂಕದ ಜಾಗ, ದುಡ್ಡಿನ ತಡ, ಇವೆರಡೂ ಸರಿ ಆಗದಿದ್ದರೆ ಮುಂದಿನ ವರ್ಷ ಮೊದಲು ಕಾಗದ ಕೊಡೋನು ನಾನೇ. ಆದರೆ ಕಾಗದ ಕೊಟ್ಟು ಆಮೇಲೆ ಮಾತಿಗೆ ಕೂರೋ ಕೆಲಸಕ್ಕೆ ನನ್ನ ಒಪ್ಪಿಗೆ ಇಲ್ಲ. ಕಂಪನಿ ಫೀಲ್ಡ್ ಆಫೀಸರ್ ಬಾಯಲ್ಲಿ ರೇಟು ಹೇಳಿ ಹೋಗಿದ್ದಾರೆ. ಔಷಧಿ ಪುಸ್ತಕ ಯಾರು ಬರೀತಾರೆ? ಲ್ಯಾಬಿನ ದುಡ್ಡು ಯಾರು ಕಟ್ತಾರೆ? 14 ಜನರ ಮಾಲು ಒಂದೇ ನಂಬರಿನಲ್ಲಿ ಹೋಗುತ್ತಾ, ಬೇರೆ ಬೇರೆನಾ? ಒಂದೇ ನಂಬರಾದರೆ, ನನ್ನಂಥವನು ಒಬ್ಬ ಪಟ್ಟಿಯಲ್ಲಿ ಇಲ್ಲದ ಔಷಧಿ ಹೊಡೆದ ದಿನ ಹದಿನಾಲ್ಕೂ ಮನೆ ಮಾಲು ಹಸುವಿಗೆ. ಅಷ್ಟು ಹಸು ನಮ್ಮೂರಲ್ಲಿ ಇಲ್ಲ. ಇದಕ್ಕೆ ಕಂಪನಿಯಿಂದ ಬರವಣಿಗೆಯಲ್ಲಿ ಉತ್ತರ ಬರಲಿ. ಸಂಘದ ಸಾಲ ಯಾರದು ಎಷ್ಟಿದೆ ಅಂತಲೂ ಮೊದಲು ಲೆಕ್ಕ ಆಗಲಿ, ನನ್ನದು ಬೀಜ, ದಾರ, ಔಷಧಿ ಸೇರಿ 8,400 ರೂಪಾಯಿ ಇದೆ, ಮುಚ್ಚಿಡೋದೇನಿಲ್ಲ.

ಚಪ್ಪಾಳೆ ಹೊಡೆಸಿಕೊಂಡ ತಮ್ಮನಿಗೆ ಒಂದು ಮಾತು. ಸಿಟ್ಟು ಮಾಡ್ಕೋಬೇಡಪ್ಪ, ನಿನ್ನ ಪ್ರಶ್ನೆ ಒಳ್ಳೇದಿತ್ತು. ಅದರಿಂದ ನಾನು ಐದಾರು ರಾತ್ರಿ ನಿದ್ದೆ ಬಿಟ್ಟೆ. ನೀನು ನೇರವಾಗಿ ಮಾತಾಡಬಲ್ಲೆ, ಇಂಗ್ಲಿಷ್ ಬರುತ್ತೆ. ಕಂಪನಿಗೆ ಪತ್ರ ಬರೆಯೋ ಕೆಲಸ ನೀನೇ ತಗೋ. ನಾನು ಪ್ರಶ್ನೆ ಹೇಳ್ತೀನಿ, ನೀನು ಬರಿ.

ಈ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಮತ್ತೆ ಅರಳಿಕಟ್ಟೆ ಹತ್ರ ಸೇರೋಣ. ಹೋದ ಮೂರು ಬೆಳೆಯ ತೂಕದ ಚೀಟಿ ಯಾರ ಹತ್ರ ಇದೆಯೋ ತನ್ನಿ. ಬೀಜ ಹಾಕೋಕೆ ಇನ್ನೂ ಹತ್ತು ಹನ್ನೆರಡು ದಿನ ಹದ ಇದೆ, ಅಷ್ಟರೊಳಗೆ ಒಂದು ತೀರ್ಮಾನ ಆಗಬೇಕು. ನಾಳೆ ನಮ್ಮ ರಾಗಿ ಒಕ್ಕಣೆ, ಮಿಷಿನ್ ಬೆಳಗ್ಗೆ ಆರಕ್ಕೇ ಬರುತ್ತೆ, ಬಿಡುವಿದ್ದೋರು ಬನ್ನಿ.